ಬ್ಯಾಂಡ್ ಕೈಕೊಟ್ಟ ದಿನ ಬಯಲಿನಲ್ಲಿ ಶಿಯೆಗು ಜಿ90

ಬ್ಯಾಂಡ್, ಅಂದರೆ ಹವ್ಯಾಸಿ ರೇಡಿಯೊದವರು (ಹ್ಯಾಮ್) ಬಳಸುವ ಆವರ್ತನಗಳ ಪಟ್ಟಿ, ಚೆನ್ನಾಗಿ ತೆರೆದಿರುವ ದಿನ ಯಾವ ರೇಡಿಯೊ ಹಿಡಿದರೂ ದೂರದವರು ಸಿಗುತ್ತಾರೆ. ಬಯಲಿಗೆ ಒಯ್ಯುವ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ಟಿನ ಯೋಗ್ಯತೆ ತಿಳಿಯುವುದು ಭೂಕಾಂತ ಕ್ಷೇತ್ರದ ಕಲಕಾಟ ಅಳೆಯುವ ಕೆ-ಸೂಚ್ಯಂಕ 5 ಮುಟ್ಟಿ, ಸಿಗ್ನಲ್‌ಗಳು ಗದ್ದಲದಲ್ಲಿ ಮುಳುಗಿ ಏಳುತ್ತಿರುವ ದಿನ. ಅಂಥ ದಿನಕ್ಕೂ ಶಿಯೆಗು ಕಂಪನಿಯ ಜಿ90 ಒಳ್ಳೆಯ ಸೆಟ್ಟೇ. ಆದರೆ ಎಲ್ಲರೂ ಹೊಗಳುವ ಅದರ 20 ವಾಟ್ ಇದಕ್ಕೆ ಮುಖ್ಯ ಕಾರಣವಲ್ಲ.

ಲೆಕ್ಕ ಹಾಕಿ ನೋಡಿ. 5 ವಾಟ್‌ನಿಂದ 20ಕ್ಕೆ ಏರಿದರೆ ಸಿಗುವುದು 6 ಡೆಸಿಬೆಲ್, ಅಂದರೆ ಸಿಗ್ನಲ್ ಬಲ ತೋರಿಸುವ ಎಸ್-ಮೀಟರಿನಲ್ಲಿ ಒಂದೇ ಒಂದು ಮನೆ. ಮಾತು ಬಿಟ್ಟು ಮೋರ್ಸ್‌ಗೆ ಇಳಿದು, ಫಿಲ್ಟರನ್ನು 2400 ಹರ್ಟ್ಸ್‌ನಿಂದ 500ಕ್ಕೆ ಕಿರಿದು ಮಾಡಿದರೆ ಗದ್ದಲ ಸುಮಾರು 7 ಡೆಸಿಬೆಲ್ ತಗ್ಗುತ್ತದೆ. ಬ್ಯಾಟರಿಗೆ ಅದರಿಂದ ಖರ್ಚೇನೂ ಇಲ್ಲ. ಜಿ90ರ ಡಿಜಿಟಲ್ ಫಿಲ್ಟರ್ 50 ಹರ್ಟ್ಸ್‌ವರೆಗೂ ಇಳಿಯುತ್ತದೆ. ಅಷ್ಟು ಕಿರಿದು ಮಾಡುವುದು ಬೇಡ: ಸದ್ದು ಗುಂಯ್‌ಗುಡುತ್ತದೆ, ಆಚೆಯವರ ಆವರ್ತನ ಸ್ವಲ್ಪ ಸರಿದರೂ ಕೈತಪ್ಪಿ ಹೋಗುತ್ತದೆ. ಕ್ಷೀಣ ಸಿಗ್ನಲ್‌ಗೆ 200ರಿಂದ 300 ಹರ್ಟ್ಸ್ ಹಿತ.

ಬರುವ ಸಿಗ್ನಲನ್ನು ಮೊದಲಲ್ಲೇ ಹಿಗ್ಗಿಸುವ ಪ್ರೀಆಂಪ್ಲಿಫೈಯರ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಸಿಗ್ನಲ್ ಸಣ್ಣದಾಯಿತೆಂದು ಕೈ ತಾನಾಗಿಯೇ ಆ ಗುಂಡಿಗೆ ಹೋಗುತ್ತದೆ. 40 ಮೀಟರ್ ಬ್ಯಾಂಡಿನಲ್ಲಿ (ಬ್ಯಾಂಡಿಗೆ ಅಲೆಯುದ್ದವೇ ಹೆಸರು; ಮೀಟರ್ ಕಡಿಮೆಯಾದಷ್ಟೂ ಆವರ್ತನ ಹೆಚ್ಚು) ಆಂಟೆನಾ ಹೊತ್ತು ತರುವ ಗದ್ದಲವೇ ರಿಸೀವರಿನ ಒಳಗದ್ದಲಕ್ಕಿಂತ ಹೆಚ್ಚಿರುವುದರಿಂದ ಸಿಗ್ನಲ್ಲೂ ಗದ್ದಲವೂ ಒಟ್ಟಿಗೆ ಏರುತ್ತವೆ, ಕೇಳಿಸುವುದು ಸುಧಾರಿಸುವುದಿಲ್ಲ. ಪ್ರೀಆಂಪ್ ಆಫ್ ಮಾಡಿ, ಬೇಕಿದ್ದರೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪ್ರೀಆಂಪ್ ನಿಜಕ್ಕೂ ಉಪಯೋಗಕ್ಕೆ ಬರುವುದು 15 ಮತ್ತು 10 ಮೀಟರಿನಲ್ಲಿ. ನಾಯ್ಸ್ ಬ್ಲ್ಯಾಂಕರ್ ಎಂಜಿನ್ನಿನ, ವಿದ್ಯುತ್ ಬೇಲಿಯ ಟಿಕ್‌ಟಿಕ್‌ಗೆ ಮದ್ದು. ದೂರದ ಸಿಡಿಲಿನ ಚರಚರಕ್ಕೆ ಅದರಿಂದ ಹೆಚ್ಚೇನೂ ಆಗದು.

ಈ ಸೆಟ್ಟಿನ ನಿಜವಾದ ಬಲ, ಆಂಟೆನಾವನ್ನು ರೇಡಿಯೊಗೆ ಹೊಂದಿಸುವ, ಒಳಗಿರುವ ಆಂಟೆನಾ ಟ್ಯೂನರ್. 12.5 ಮೀಟರ್ ತಂತಿ, ಬುಡದಲ್ಲಿ 9:1 ಟ್ರಾನ್ಸ್‌ಫಾರ್ಮರ್, ನೆಲದ ಮೇಲೆ 5 ಮೀಟರಿನ ಕೌಂಟರ್‌ಪಾಯ್ಸ್ (ಆಂಟೆನಾಕ್ಕೆ ಜೋಡಿಯಾಗುವ ಎರಡನೇ ತಂತಿ): ಇಷ್ಟಿದ್ದರೆ 40ರಿಂದ 10 ಮೀಟರ್‌ವರೆಗಿನ ಬ್ಯಾಂಡುಗಳಿಗೆ ಹೊಂದಿಸಿಕೊಳ್ಳುತ್ತದೆ. ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆಯೆಂಬ ಅಳತೆ; 1 ಎಂದರೆ ಪೂರ್ತಿ ಹೊಂದಿದೆ) ಇಳಿಯದಿದ್ದರೆ ಮೊದಲು ಕೌಂಟರ್‌ಪಾಯ್ಸ್‌ನ ಉದ್ದ ಬದಲಿಸಿ ನೋಡಿ. ಮೀಟರ್ 1.2 ತೋರಿಸಿತೆಂದು ಮಾತ್ರ ನೆಮ್ಮದಿಯಾಗಿ ಕೂರಬೇಡಿ. ಟ್ಯೂನರ್ ಸಮಾಧಾನಪಡಿಸುವುದು ರೇಡಿಯೊವನ್ನು; ಕೇಬಲ್ಲಿನಲ್ಲಿ ನಿಂತ ಅಲೆಗಳು ನಿಂತೇ ಇರುತ್ತವೆ, ಪವರ್ ಅಲ್ಲಿ ಶಾಖವಾಗಿ ಸೋರುತ್ತದೆ. ಹಗುರವೆಂದು 15 ಮೀಟರ್ ಆರ್‌ಜಿ-174 ತೆಳು ಕೇಬಲ್ ಒಯ್ದರೆ 20 ವಾಟ್ ಪಡೆದ ಲಾಭದಲ್ಲಿ ಒಳ್ಳೆಯ ಪಾಲು ಅಲ್ಲೇ ಕರಗಿತು. 5 ಮೀಟರ್ ಸಾಕು. ಮಳೆಗೆ ತಂತಿ ನೆಂದರೆ, ಜೋತುಬಿದ್ದರೆ ಮತ್ತೆ ಟ್ಯೂನ್ ಮಾಡಿ.

ಯಾವ ಬ್ಯಾಂಡಿಗೆ ಹೋಗಬೇಕೆಂಬುದು ತೊಂದರೆ ಯಾವುದು ಎಂಬುದರ ಮೇಲಿದೆ. ಭೂಕಾಂತ ಬಿರುಗಾಳಿಯಾದರೆ, ರೇಡಿಯೊ ಅಲೆಗಳನ್ನು ನೆಲಕ್ಕೆ ಮರಳಿಸುವ ಮೇಲ್ವಾತಾವರಣದ ಎಫ್2 ಪದರ ಸೊರಗಿ ಮೇಲಿನ ಬ್ಯಾಂಡುಗಳು ಮುಚ್ಚುತ್ತವೆ. ಆಗ 40 ಮೀಟರಿಗೆ ಇಳಿದು, ಡೈಪೋಲನ್ನು (ನಡುವೆ ಕೇಬಲ್ ಜೋಡಿಸಿದ ಎರಡು ತೋಳಿನ ತಂತಿ ಆಂಟೆನಾ) 3ರಿಂದ 5 ಮೀಟರ್ ಎತ್ತರದಲ್ಲೇ ಕಟ್ಟಿ, 300-400 ಕಿ.ಮೀ. ಒಳಗಿನವರನ್ನು ಕರೆಯಿರಿ. ಸೌರಜ್ವಾಲೆಯಾದರೆ ತದ್ವಿರುದ್ಧ: ಹಗಲಿನ ಕಡೆಯಲ್ಲಿ ಎಫ್2ಗಿಂತ ಕೆಳಗಿರುವ ಡಿ ಪದರ ಕೆಳಗಿನ ಆವರ್ತನಗಳನ್ನೇ ಹೆಚ್ಚು ಹೀರುತ್ತದೆ, ಮೇಲಿನವು ಮೊದಲು ಚೇತರಿಸಿಕೊಳ್ಳುತ್ತವೆ. ಆಗ 15 ಅಥವಾ 10 ಮೀಟರಿಗೆ ಏರಬೇಕು. ಸುತ್ತಲಿನ ಸಿಗ್ನಲ್‌ಗಳನ್ನು ಪರದೆಯಲ್ಲಿ ಗೆರೆಗಳಾಗಿ ತೋರಿಸುವ, 48 ಕಿಲೋಹರ್ಟ್ಸ್ ಅಗಲದ ವಾಟರ್‌ಫಾಲ್ ಇಲ್ಲಿ ತುಂಬ ನೆರವಾಗುತ್ತದೆ. ಕಿವಿಗೆ ಖಾಲಿ ಅನಿಸಿದ ಬ್ಯಾಂಡಿನಲ್ಲೂ ಒಂದು ತೆಳು ಗೆರೆ ಮೂಡಿ ಮಾಯವಾಗುವುದು ಕಾಣಿಸುತ್ತದೆ. ಪರದೆ ಬರೀ 1.8 ಇಂಚು, ಬಿಸಿಲಿನಲ್ಲಿ ನೆರಳು ಮಾಡಿಕೊಳ್ಳಲೇಬೇಕು.

ಕೊರತೆಗಳೂ ಇವೆ. ಒಳಗೆ ಬ್ಯಾಟರಿ ಇಲ್ಲ, ಮಳೆ-ಧೂಳಿಗೆ ರಕ್ಷಣೆ ಇಲ್ಲ. ಸುಮ್ಮನೆ ಕೇಳುತ್ತಿದ್ದರೂ ಅರ್ಧ ಆಂಪಿಯರ್‌ವರೆಗೆ ಎಳೆಯುತ್ತದೆ. ಬಯಲಿಗೆ ಒಯ್ಯುವ ಇನ್ನೊಂದು ಸೆಟ್ಟು ಎಲೆಕ್ರಾಫ್ಟ್ ಕೆಎಕ್ಸ್2 ಇದರ ಮೂರನೇ ಒಂದು ಭಾಗದಲ್ಲಿ ಮುಗಿಸುತ್ತದೆ. ಬ್ಯಾಂಡ್ ಕೆಟ್ಟ ದಿನ ಕಾಯುವುದೇ ಹೆಚ್ಚು, ಹಾಗಾಗಿ ಈ ಅಂಕಿ ಮುಖ್ಯ. 6 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ, ಐದರಲ್ಲೊಂದು ಪಾಲು ಹೊತ್ತು ಮಾತಾಡಿದರೆ, ನಾಲ್ಕೈದು ಗಂಟೆ ಬರುತ್ತದೆ. ಪ್ರಸಾರದಲ್ಲಿ ಗರಿಷ್ಠ 8 ಆಂಪಿಯರ್ ಬೇಕು. 2 ಮೀಟರ್ ಉದ್ದದ 1 ಚದರ ಮಿ.ಮೀ. ತಂತಿಯಲ್ಲಿ ಅದು ಹರಿದರೆ ಅರ್ಧ ವೋಲ್ಟ್‌ಗೂ ಹೆಚ್ಚು ದಾರಿಯಲ್ಲೇ ಹೋಗುತ್ತದೆ. 2.5 ಚದರ ಮಿ.ಮೀ. ತಂತಿ ಹಾಕಿ.

ಮೋರ್ಸ್ ಕೂಡ ಸೋತಾಗ, ಕಂಪ್ಯೂಟರ್ ಮೂಲಕ ಕಿರು ಸಂದೇಶ ಕಳಿಸುವ ಎಫ್‌ಟಿ8 ವಿಧಾನ ಇದೆ. ಗದ್ದಲಕ್ಕಿಂತ ಸುಮಾರು 20 ಡೆಸಿಬೆಲ್ ಕೆಳಗಿದ್ದರೂ ಸಂದೇಶ ಬಿಡಿಸುತ್ತದೆ. ಜಿ90ರಲ್ಲಿ ಸೌಂಡ್ ಕಾರ್ಡ್ ಇಲ್ಲ, ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಬೇರೆ ಕೊಳ್ಳಬೇಕು. ಫ್ಯಾನೂ ಇಲ್ಲ. ಪ್ರತಿ ಸರದಿಯಲ್ಲಿ 12.64 ಸೆಕೆಂಡು ಎಡೆಬಿಡದೆ ಪ್ರಸಾರವಾಗುವುದರಿಂದ ಮೈ ಬೇಗ ಕಾಯುತ್ತದೆ. ಪವರನ್ನು 10 ವಾಟ್‌ಗೆ ಇಳಿಸಿ, ಸೆಟ್ಟನ್ನು ನೆರಳಿನಲ್ಲಿ, ಬಟ್ಟೆಯ ಮೇಲಲ್ಲದೆ ಗಾಳಿಯಾಡುವಂತೆ ಇಡಿ. ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಿದರೆ ಸಂದೇಶ ಬಿಡಿಸುವುದು ಕಷ್ಟ. ನೆಟ್‌ವರ್ಕ್ ಸಿಗದ ಕಡೆ ಜಿಪಿಎಸ್‌ನಿಂದ ಸಮಯ ಹೊಂದಿಸಿಕೊಂಡೇ ಶುರುಮಾಡಿ.