ಹಾಟ್ ರೈಜ್ ತಂಡದ ‘ವೆನ್ ಐ ಆಮ್ ಫ್ರೀ’: ತಕರಾರು ಗಿಟಾರ್‌ದು ಮಾತ್ರ

ಬ್ಲೂಗ್ರಾಸ್ ಅಂದರೆ ಬ್ಯಾಂಜೋ, ಪಿಟೀಲು, ಗಿಟಾರ್‌ನಂಥ ತಂತಿವಾದ್ಯಗಳ ಅಮೆರಿಕದ ಹಳ್ಳಿಗಾಡಿನ ಸಂಗೀತ. ಅದನ್ನು ಕೇಳುವವರಿಗೆ ಅಮೆರಿಕದ ಕೊಲರಾಡೋ ರಾಜ್ಯದ ಹಾಟ್ ರೈಜ್ ಹೊಸ ಹೆಸರಲ್ಲ. 1978ರಲ್ಲಿ ಶುರುವಾದ ತಂಡ. 1990ರಲ್ಲಿ ‘ಟೇಕ್ ಇಟ್ ಹೋಮ್’ ಆಲ್ಬಮ್ ಮಾಡಿ ತಮ್ಮತಮ್ಮ ದಾರಿ ಹಿಡಿದರು. ಆಗೀಗ ವೇದಿಕೆ ಮೇಲೆ ಸೇರುತ್ತಿದ್ದರು, ಆದರೆ ಮುಂದಿನ ಸ್ಟುಡಿಯೋ ಆಲ್ಬಮ್ ಬಂದಿದ್ದು 2014ರಲ್ಲಿ. ಅದೇ ಈ ‘ವೆನ್ ಐ ಆಮ್ ಫ್ರೀ’. ಬಂದಾಗಿನಿಂದ ಬಿಟ್ಟೂಬಿಡದೆ ಕೇಳಿದ್ದೇನೆ, ಈಗ ಬರೆಯಬಹುದು ಅನ್ನಿಸುತ್ತಿದೆ.

ತಂಡದ ಗಾಯಕ ಟಿಮ್ ಒಬ್ರಿಯನ್ ದನಿಗೆ ವಯಸ್ಸಾಗಿದೆ, ಆದರೆ ಆ ವಯಸ್ಸು ಹಾಡಿಗೆ ಒಪ್ಪುತ್ತದೆ. ಕೇಳಿ, ಗೊತ್ತಾಗುತ್ತೆ. ಪೀಟ್ ವರ್ನಿಕ್ ಬ್ಯಾಂಜೋ ಹಿಡಿದರೆ ಮಾತೇ ಇಲ್ಲ. ನಿಕ್ ಫಾರ್‌ಸ್ಟರ್ ನುಡಿಸುವ ಬೇಸ್ (ತಗ್ಗು ಸ್ವರದ ತಂತಿವಾದ್ಯ) ಬಗ್ಗೆ ಯಾರೂ ಬರೆಯುವುದಿಲ್ಲ, ನಾನೂ ಬರೆಯುವುದಿಲ್ಲ. ಅದು ಇದ್ದಲ್ಲಿ ಗಟ್ಟಿಯಾಗಿ ಇದೆ, ಸಾಕು.

ತಕರಾರು ಇರುವುದು ಗಿಟಾರ್‌ನಲ್ಲಿ. ಹಳೆಯ ಗಿಟಾರ್ ವಾದಕ ಚಾರ್ಲ್ಸ್ ಸಾಟೆಲ್ 1999ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಜಾಗಕ್ಕೆ ಬ್ರಯನ್ ಸಟನ್ ಬಂದರು. ಸಟನ್ ಅಂದ್ರೆ ಸಾಮಾನ್ಯರಲ್ಲ, ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ಗಿಟಾರ್ ಪ್ರಶಸ್ತಿ ಹಲವು ಸಲ ಗೆದ್ದವರು. ಒಂದು ಸ್ವರವೂ ಆಚೀಚೆ ಆಗುವುದಿಲ್ಲ. ನನಗೆ ಬೇಜಾರಾಗಿದ್ದೇ ಅದಕ್ಕೆ! ಸಾಟೆಲ್ ಯಾವಾಗ ನುಡಿಸುತ್ತಾರೆ, ಯಾವಾಗ ಸುಮ್ಮನಾಗುತ್ತಾರೆ ಅಂತ ಹೇಳೋಕೆ ಆಗುತ್ತಿರಲಿಲ್ಲ. ಎಲ್ಲರೂ ಓಡುವಾಗ ಅವರು ನಾಲ್ಕು ಸ್ವರ ಇಟ್ಟು ನಿಲ್ಲುತ್ತಿದ್ದರು. ಆ ಖಾಲಿ ಜಾಗ ಈ ಆಲ್ಬಮ್‌ನಲ್ಲಿ ಇಲ್ಲ. ಮೊದಮೊದಲು ಗಿಟಾರ್ ಸರದಿ ಬಂದಾಗಲೆಲ್ಲ ಮುಖ ಗಂಟಿಕ್ಕಿಕೊಂಡೇ ಕೇಳುತ್ತಿದ್ದೆ.

ನಾನು ಇದನ್ನು ಹೆಚ್ಚು ಕೇಳುವುದು ಅವರೆಕಾಯಿ ಕಾಲದಲ್ಲಿ. ಹಿಂದಿನ ರಾತ್ರಿ ನೆನೆಸಿಟ್ಟ ಕಾಳು, ಮುಂದೆ ಎರಡು ಪಾತ್ರೆ, ಪಕ್ಕದಲ್ಲಿ ಸಣ್ಣ ಸ್ಪೀಕರ್. ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಹಿತುಕಿದರೆ ಕಾಳು ಚಿಮ್ಮಿ ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ. ‘ಗ್ಲೋರಿ ಇನ್ ದ ಮೀಟಿಂಗ್ ಹೌಸ್’ ಶುರುವಾದರೆ ಕೈ ತಾನಾಗಿ ಜೋರಾಗುತ್ತೆ. ಅದು ಕೆಂಟಕಿ ಕಡೆಯ ಹಳೆಯ ಪಿಟೀಲು ಮಟ್ಟು, ಹಾಡುವ ಸಾಲುಗಳಿಲ್ಲ, ಬರೀ ವಾದ್ಯ. ಎಷ್ಟೋ ಕಾಳು ನೆಲಕ್ಕೆ ಹಾರಿವೆ. “ಅದೇನು ಟಿಣಿಟಿಣಿ ಹಾಕ್ಕೊಂಡಿದೀಯೋ, ಸ್ವಲ್ಪ ಮೆಲ್ಲಗೆ ಹಿತುಕು” ಅಂತ ಅಮ್ಮ ಬೈಯುತ್ತಾರೆ. ಹಿತಕವರೆ ಸಾರು ಮಾತ್ರ ತಪ್ಪದೆ ಎರಡನೇ ಸಲ ಬಡಿಸುತ್ತಾರೆ.

ಹೀಗೆ ಕೈಕೆಲಸದ ಜೊತೆ ಕೇಳ್ತಾ ಕೇಳ್ತಾ ಸಟನ್ ಮೇಲಿನ ಸಿಟ್ಟು ಇಳಿಯಿತು. ಅವರಾದರೂ ಏನು ಮಾಡಬೇಕಿತ್ತು? ಸತ್ತವರ ಶೈಲಿಯನ್ನು ಅಣಕು ಮಾಡಿದ್ದರೆ ನಾನು ಅರ್ಧದಲ್ಲೇ ನಿಲ್ಲಿಸುತ್ತಿದ್ದೆ. ಅವರು ತಮ್ಮ ಕೈ ಹೇಗಿದೆಯೋ ಹಾಗೇ ನುಡಿಸಿದ್ದಾರೆ. ಅದು ಮರ್ಯಾದೆಯ ಕೆಲಸ. ಅಷ್ಟಾದರೂ ಸಾಟೆಲ್ ಇಲ್ಲದ ಕೊರತೆ ಕೊರತೆಯೇ.

ಸಿಡಿ ಬೇಕೇ ಅಂದರೆ, ಅಮೆರಿಕದಿಂದ ತರಿಸುವ ಖರ್ಚು ಸಿಡಿ ಬೆಲೆಗಿಂತ ಜಾಸ್ತಿ ಆಗುತ್ತೆ, ನನ್ನ ಜೇಬಿಗೆ ಅದು ದುಬಾರಿ. ಮೊಬೈಲಿನಲ್ಲೇ ಕೇಳಿ. ಈ ತಂಡ ನಿಮಗೆ ಹೊಸದಾದರೆ ಇದರಿಂದ ಶುರು ಮಾಡಬೇಡಿ. 1996ರಲ್ಲಿ ಬೋಲ್ಡರ್ ಥಿಯೇಟರಿನಲ್ಲಿ ಸಾಟೆಲ್ ಜೊತೆ ನುಡಿಸಿದ ಕಛೇರಿ ‘ಸೋ ಲಾಂಗ್ ಆಫ್ ಎ ಜರ್ನಿ’ ಹೆಸರಲ್ಲಿ ಬಂದಿದೆ. ಮೊದಲು ಅದನ್ನು ಕೇಳಿ, ಆಮೇಲೆ ಇಲ್ಲಿಗೆ ಬನ್ನಿ. ಐದಕ್ಕೆ ನಾಲ್ಕು ಕೊಡುತ್ತೇನೆ.