ಹೋಮ್ ಅಸಿಸ್ಟೆಂಟ್: ಇಂಟರ್ನೆಟ್ ಹೋದರೂ ದೀಪ ಹತ್ತುತ್ತದೆ

ಮೊದಲು ನನ್ನ ಹತ್ತಿರ ಇದ್ದ ಸ್ಮಾರ್ಟ್ ಬಲ್ಬುಗಳೆಲ್ಲ ಒಂದು ಕಂಪನಿಯ ಕ್ಲೌಡನ್ನೇ ನಂಬಿಕೊಂಡಿದ್ದವು. ಒಂದು ರಾತ್ರಿ ಅವರ ಸರ್ವರ್ ಕೈಕೊಟ್ಟಿತು. ಫೋನ್ ಕೈಯಲ್ಲೇ ಇದೆ, ಬಲ್ಬ್ ತಲೆ ಮೇಲೇ ಇದೆ, ಆದರೆ ಆ್ಯಪ್‌ನಿಂದ ಆರಿಸೋಕೆ ಆಗಲಿಲ್ಲ. ನಮ್ಮ ಮನೆ ದೀಪಕ್ಕೆ ಇನ್ಯಾರದ್ದೋ ಅಪ್ಪಣೆ ಯಾಕೆ ಬೇಕು, ಅಲ್ವಾ?

ಆಮೇಲೆ ಹೋಮ್ ಅಸಿಸ್ಟೆಂಟ್ ಹಾಕಿಕೊಂಡೆ. ಮನೆಯ ಸ್ಮಾರ್ಟ್ ಸಾಧನಗಳನ್ನು ಮನೆಯೊಳಗಿನ ಕಂಪ್ಯೂಟರಿನಿಂದಲೇ ನಡೆಸುವ, 2013ರಲ್ಲಿ ಶುರುವಾದ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಅಥವಾ ಮೂಲೆಯಲ್ಲಿ ಬಿದ್ದಿರುವ ಹಳೇ ಕಂಪ್ಯೂಟರ್ ಸಾಕು. ಜಿಗ್‌ಬೀ ಅನ್ನೋ ಕಡಿಮೆ ವಿದ್ಯುತ್ತಿನ ರೇಡಿಯೋ ಸಂಪರ್ಕ ಬಳಸುವ ಬಲ್ಬು, ಸೆನ್ಸರ್‌ಗಳು ಆ ಕಂಪ್ಯೂಟರಿಗೆ ಚುಚ್ಚಿದ ಒಂದು ಯುಎಸ್‌ಬಿ ಡಾಂಗಲ್ ಮೂಲಕ ಅದರ ಜೊತೆ ನೇರವಾಗಿ ಮಾತಾಡುತ್ತವೆ, ಇಂಟರ್ನೆಟ್ ತಂತಿ ಕಿತ್ತಿಟ್ಟರೂ ಬಾಗಿಲು ತೆಗೆದ ಕೂಡಲೇ ದೀಪ ಹತ್ತುತ್ತದೆ. ಆದರೆ ಡಾಂಗಲನ್ನು ಯುಎಸ್‌ಬಿ 3 ಪೋರ್ಟಿಗೆ ನೇರವಾಗಿ ಚುಚ್ಚಬೇಡಿ. ಆ ಪೋರ್ಟಿನಿಂದ ಜಿಗ್‌ಬೀ ಬಳಸುವ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡಿಯಾಗುತ್ತದೆ. ನನ್ನ ಬಾಗಿಲ ಸೆನ್ಸರ್ ಪದೇ ಪದೇ ಕಾಣೆಯಾಗುತ್ತಿತ್ತು, ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಟ್ಟ ಮೇಲೆ ಸರಿಹೋಯಿತು.

ವೈಫೈ ಕ್ಯಾಮೆರಾ, ಪ್ಲಗ್‌ಗಳನ್ನು ಬೇರೆ ವಿಲ್ಯಾನ್‌ಗೆ (ಮನೆಯ ನೆಟ್‌ವರ್ಕಿನಲ್ಲೇ ಬೇರ್ಪಡಿಸಿದ ಒಂದು ಭಾಗ) ಹಾಕಿ, ಫೈರ್‌ವಾಲ್‌ನಲ್ಲಿ ಹೊರಗಿನ ದಾರಿ ಮುಚ್ಚಿದೆ. ಲ್ಯಾಪ್‌ಟಾಪ್ ಇರುವ ಕಡೆ ಅವು ತಲೆ ಹಾಕೋ ಹಾಗಿಲ್ಲ. ಹೊರಗಿದ್ದಾಗ ನೋಡೋಕೆ ವೈರ್‌ಗಾರ್ಡ್ ವಿಪಿಎನ್ ಇದೆ, ಅಂದರೆ ಮನೆಯ ನೆಟ್‌ವರ್ಕಿಗೆ ಗುಪ್ತ ಲಿಪಿಯ ಖಾಸಗಿ ದಾರಿ. ಹೋಮ್ ಅಸಿಸ್ಟೆಂಟ್ ಬಳಸುವ 8123 ಪೋರ್ಟನ್ನು ಸುಮ್ನೆ ಇಂಟರ್ನೆಟ್‌ಗೆ ತೆರೆದಿಡಬೇಡಿ.

ಕಲಿಯೋಕೆ ಸಮಯ ಜಾಸ್ತಿನೇ ಬೇಕು. ಪ್ರತಿ ತಿಂಗಳು ದೊಡ್ಡ ಅಪ್‌ಡೇಟ್ ಬರುತ್ತದೆ, ಕೆಲವೊಮ್ಮೆ ಹಳೇ ಸೆಟ್ಟಿಂಗ್ ಕೆಡುತ್ತದೆ, ಅದಕ್ಕೇ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಕ್ಲೌಡ್ ಇಲ್ಲದೆ ಕೆಲಸವೇ ಮಾಡದ ಸಾಧನಗಳೂ ಇವೆ. ಕೊಳ್ಳುವ ಮುಂಚೆ ಹೋಮ್ ಅಸಿಸ್ಟೆಂಟ್ ತಾಣದಲ್ಲಿ ಅದರ ಪುಟ ತೆರೆದು, 'ಲೋಕಲ್ ಪುಶ್' (ಸಾಧನವೇ ಮನೆಯೊಳಗೆ ನೇರವಾಗಿ ಸುದ್ದಿ ಕಳಿಸುತ್ತದೆ) ಅಂತ ಇದೆಯಾ, 'ಕ್ಲೌಡ್ ಪೋಲಿಂಗ್' (ಕಂಪನಿಯ ಸರ್ವರನ್ನು ಆಗಾಗ ಕೇಳಬೇಕು) ಅಂತ ಇದೆಯಾ ನೋಡಿ. ನಾನಂತೂ ಮೊದಲನೆಯದನ್ನೇ ಕೊಳ್ಳುತ್ತೇನೆ.