ಕಾಲಿಗೆ ಗುಳಿಗೆ ಬರೆಸುವ ಮುಂಚೆ ಹಾರ್ಟ್ ಫೈಲ್ ತೋರಿಸಿ

ಮನೆಯಲ್ಲಿ ಹಾರ್ಟ್ ತೊಂದರೆ ಇರುವವರಿಗೆ ಕಾಲಿನ ರಕ್ತ ಸಂಚಾರಕ್ಕೆ ಅಂತ ಗುಳಿಗೆ ಕೊಟ್ಟಿದ್ದಾರಾ? ಸ್ಟ್ರಿಪ್ ತಿರುಗಿಸಿ ನೋಡಿ. ಸಿಲೋಸ್ಟಜಾಲ್ ಅಂತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಗಂಗಾವತಿ ಕಡೆಯ ಹಳ್ಳಿ. ಅಪ್ಪನಿಗೆ 66. ಶುಗರ್ ಇದೆ, ಬೀಡಿ ಚಟವೂ ಇತ್ತು. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆದಾಗ ಎಕೋದಲ್ಲಿ (ಹಾರ್ಟಿನ ಸ್ಕ್ಯಾನ್) ಪಂಪಿಂಗ್ 35, ಅಂದರೆ ಹೃದಯ ರಕ್ತ ತಳ್ಳುವ ಶಕ್ತಿ ಕಡಿಮೆ ಅಂತ ಬಂದಿತ್ತು. ಹೋದ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಕಾಲುನೋವು ಶುರುವಾಯಿತು. ಗದ್ದೆಗೆ ಹೋಗುವಾಗ ಅರ್ಧ ದಾರಿಗೇ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬದುವಿನ ಮೇಲೆ ಎರಡು ನಿಮಿಷ ಕೂತರೆ ಬಿಡುತ್ತಿತ್ತು. ಎದ್ದು ನಡೆದರೆ ಮತ್ತೆ ಅದೇ.

ಒಬ್ಬ ಡಾಕ್ಟರಿಗೆ ತೋರಿಸಿದೆವು. ಪಾದದ ನಾಡಿ ಮುಟ್ಟಿ ನೋಡಿ, ರಕ್ತ ಸಂಚಾರ ಕಡಿಮೆ ಅಂದರು. ಅದು ನಿಜವೇ. ಸಿಲೋಸ್ಟಜಾಲ್ 100, ದಿನಕ್ಕೆ ಎರಡು ಬರೆದರು. ಹಾರ್ಟ್ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ತೋರಿಸುವುದು ಕಾಲು ತಾನೆ ಅಂತ ಫೈಲನ್ನು ಟ್ರಂಕಿನಲ್ಲೇ ಬಿಟ್ಟು ಹೋಗಿದ್ದೆ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೊದಲ ವಾರ ತಲೆನೋವು, ಎದೆ ಡಬಡಬ. ಉಷ್ಣ ಆಗಿದೆ ಅಂತ ಅವ್ವ ಮಜ್ಜಿಗೆ ಕೊಟ್ಟಳು. ಎರಡನೇ ವಾರ ಅಪ್ಪನಿಗೆ ಮಲಗಲಿಕ್ಕೇ ಆಗಲಿಲ್ಲ. ಮಲಗಿದರೆ ದಮ್ಮು ಹತ್ತುತ್ತಿತ್ತು. ರಾತ್ರಿಯೆಲ್ಲ ಅಕ್ಕಿ ಚೀಲಕ್ಕೆ ಒರಗಿ ಕೂತೇ ಇದ್ದರು. ಬೆಳಗ್ಗೆ ಕಣಕಾಲ ಮೇಲೆ ಹೆಬ್ಬೆಟ್ಟು ಒತ್ತಿದೆ. ಹಸಿ ಮಣ್ಣಿನಲ್ಲಿ ಒತ್ತಿದ ಹಾಗೆ ಗುಳಿ ಬಿತ್ತು, ಮೇಲೇಳಲೇ ಇಲ್ಲ.

ಬಳ್ಳಾರಿಗೆ ಓಡಿದೆವು. ಅಲ್ಲಿನ ಡಾಕ್ಟರು ನಮ್ಮ ಚೀಲದ ಗುಳಿಗೆಗಳನ್ನೆಲ್ಲ ಮಂಚದ ಮೇಲೆ ಸುರಿದು, ಒಂದೊಂದೇ ಓದಿ, ಒಂದು ಸ್ಟ್ರಿಪ್ ಪಕ್ಕಕ್ಕಿಟ್ಟರು. "ಪಂಪಿಂಗ್ ಕಡಿಮೆ ಇರುವವರಿಗೆ ಇದನ್ನು ಕೊಡಲೇಬಾರದಲ್ಲಪ್ಪ" ಅಂದರು. ಇದು ರಕ್ತನಾಳ ಅಗಲ ಮಾಡುತ್ತದೆ, ಜೊತೆಗೆ ಹೃದಯವನ್ನೂ ಓಡಿಸುತ್ತದೆ. ಇದೇ ಜಾತಿಯ ಬೇರೆ ಔಷಧಿಗಳಿಂದ ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಇದ್ದವರಲ್ಲಿ ಸಾವು ಜಾಸ್ತಿ ಆಗಿತ್ತು. ಹಾಗಾಗಿ 1999ರಲ್ಲಿ ಅಮೆರಿಕದಲ್ಲಿ ಸಿಲೋಸ್ಟಜಾಲ್‌ಗೆ ಒಪ್ಪಿಗೆ ಸಿಕ್ಕಾಗಲೇ, ಹಾರ್ಟ್ ಫೇಲ್ಯೂರ್ ಎಷ್ಟೇ ಸಣ್ಣದಿದ್ದರೂ ಕೊಡಬಾರದು ಅನ್ನುವ ಎಚ್ಚರಿಕೆ ಅದರ ಜೊತೆಗೇ ಬಂದಿತ್ತು.

ಇನ್ನೊಂದು ಗೊತ್ತಾಯಿತು. ಅಪ್ಪ ದಿನಾ ಬೆಳಗ್ಗೆ ನುಂಗುತ್ತಿದ್ದ ಗ್ಯಾಸಿನ ಗುಳಿಗೆ, ಓಮೆಪ್ರಜೋಲ್, ಸಿಲೋಸ್ಟಜಾಲ್‌ನ ಜೋರು ಹೆಚ್ಚಿಸುತ್ತದೆ. ಹಾರ್ಟ್ ಸರಿ ಇರುವವರಿಗೂ ಎರಡನ್ನೂ ಕೊಡುವುದಾದರೆ 100ರ ಬದಲು 50 ಕೊಡಬೇಕಂತೆ. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವ ಗುಳಿಗೆಯನ್ನೂ ಡಾಕ್ಟರಿಗೆ ಹೇಳಿ.

ಆಕ್ಸಿಜನ್, ನೀರು ಇಳಿಸುವ ಇಂಜೆಕ್ಷನ್ ಅಂತ ಐದು ದಿನ ಆಸ್ಪತ್ರೆಯಲ್ಲಿದ್ದೆವು. ಇಷ್ಟೆಲ್ಲ ಆಗಿ, ಈ ಗುಳಿಗೆ ನಾಳದ ಬ್ಲಾಕ್ ಕರಗಿಸುವುದೂ ಇಲ್ಲ. ನೋವಿಲ್ಲದೆ ನಡೆಯುವ ದೂರ ಸ್ವಲ್ಪ ಹೆಚ್ಚಿಸುತ್ತದೆ, ಅಷ್ಟೇ.

ಈಗ ಅಪ್ಪ ಬೀಡಿ ಬಿಟ್ಟಿದ್ದಾರೆ. ಕೊಲೆಸ್ಟ್ರಾಲ್ ಗುಳಿಗೆ, ಆಸ್ಪಿರಿನ್ ಮುಂದುವರಿದಿದೆ. ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಹಾರ್ಟ್ ಡಾಕ್ಟರು ಹೂಂ ಅಂದ ಮೇಲೆ ವಾರಕ್ಕೆ ಮೂರು ದಿನ ಕಾಲುವೆ ಏರಿ ಮೇಲೆ ನಡೆಯುತ್ತಾರೆ. ನೋವು ಬಂದಾಗ ನಿಲ್ಲುತ್ತಾರೆ, ಬಿಟ್ಟ ಮೇಲೆ ಮತ್ತೆ ನಡೆಯುತ್ತಾರೆ. ಮೂರು ತಿಂಗಳಾಯಿತು. ಮೊನ್ನೆ ಗದ್ದೆವರೆಗೂ ಹೋಗಿ ಬಂದರು, ದಾರಿಯಲ್ಲಿ ಒಂದೇ ಸಲ ಕೂತಿದ್ದಂತೆ.

ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡು ನೋವು ಬಂದರೆ ಮಾತ್ರ ಗುಳಿಗೆ ಹುಡುಕುತ್ತಾ ಕೂರಬೇಡಿ. ಆ ಗಳಿಗೆಯೇ ದೊಡ್ಡ ಆಸ್ಪತ್ರೆಗೆ ಹೋಗಿ, ಹೋಗುವಾಗ ಫೈಲ್ ಜೊತೆಗಿರಲಿ.